ಬಿಡಾರದ ಕೂಸನ್ನು ಯಾರು ನೋಡಿಕೊಳ್ಳಬೇಕು?

ಕೇಳುಗರೆಲ್ಲರಿಗೂ ನಮಸ್ಕಾರ.

ಕಾರವಾರದಿಂದ ಭಟ್ಕಳದ ಕಡೆ ಹೆದ್ದಾರಿಯಲ್ಲಿ ಹೋಗುವಾಗ ಅಲ್ಲಲ್ಲಿ ನೀಲಿ ತಾಡಪತ್ರಿಯ ಬಿಡಾರಗಳು ಕಾಣುತ್ತವೆ, ಅಲ್ವಾ? ಕೊಪ್ಪಳ, ರಾಯಚೂರು, ಗದಗದ ಕಡೆಯಿಂದ ಕೂಲಿಗೆ ಬಂದವರು. ಗಂಡ ಹೆಂಡತಿ ಇಬ್ಬರೂ ದುಡಿದರೇ ಸಂಸಾರ ಸಾಗುತ್ತದೆ. ಹಾಗಾದರೆ ಕೂಸನ್ನು ನೋಡಿಕೊಳ್ಳುವವರು ಯಾರು?

ಹೆಚ್ಚಾಗಿ ಅಕ್ಕ. ಎಂಟೊಂಬತ್ತು ವರ್ಷದ ಹುಡುಗಿ. ಅವಳ ಶಾಲೆ ಬಿಡಿಸಿದ್ದಾರೆ ಎಂದು ನಾವು ಅಪ್ಪ ಅಮ್ಮನನ್ನು ಸುಮ್ನೆ ಬೈಯುತ್ತೇವೆ. ತಮ್ಮನನ್ನು ಬಿಡಲು ಒಂದು ಜಾಗ ಸಿಕ್ಕಿದರೆ ಅವಳೂ ಶಾಲೆಗೆ ಹೋಗಬಹುದು. ಟಿ.ಸಿ. ಬಂದಿಲ್ಲ, ಜನನ ದಾಖಲೆ ಇಲ್ಲ ಎಂಬ ಕಾರಣಕ್ಕೆ ಅವಳನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಇದನ್ನು ಸ್ಪಷ್ಟವಾಗಿಯೇ ಹೇಳಿದೆ.

ಆ ಜಾಗ ಹತ್ತಿರದಲ್ಲೇ ಇದೆ, ಅಂಗನವಾಡಿ. 6 ತಿಂಗಳಿಂದ 6 ವರ್ಷದವರೆಗಿನ ಮಕ್ಕಳಿಗೆ ಅಲ್ಲಿಂದ ಪೌಷ್ಟಿಕ ಆಹಾರ ಸಿಗಬೇಕು. ಇದು 2013ರ ಆಹಾರ ಭದ್ರತೆ ಕಾಯ್ದೆ ಕೊಟ್ಟ ಹಕ್ಕು, ಯಾರದ್ದೋ ಉಪಕಾರವಲ್ಲ. ಗರ್ಭಿಣಿ, ಬಾಣಂತಿಯರಿಗೂ 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಬಿಸಿಯೂಟ ಇದೆ. ಮೂರು ದಾಟಿದ ಮಕ್ಕಳು ಅಲ್ಲೇ ಆಡಿ, ಕಲಿತು, ಉಂಡು ಬರಬಹುದು.

ಆದರೂ ಬಿಡಾರದ ತಾಯಂದಿರು ಹೋಗುವುದಿಲ್ಲ. ನಾವು ಈ ಊರಿನವರಲ್ಲ, ನಮ್ಮನ್ನು ಸೇರಿಸಿಕೊಳ್ಳುತ್ತಾರೋ ಇಲ್ಲವೋ ಎಂಬ ಅಳುಕು. ಇತ್ತ ಅಂಗನವಾಡಿ ಟೀಚರಿಗೂ ಒಂದು ತೊಡಕು. ಮಗುವಿನ ಹೆಸರು ಅವರ ಊರಿನ ಅಂಗನವಾಡಿಯಲ್ಲೇ ಉಳಿದಿರುತ್ತದೆ. ಇದಕ್ಕೆ ದಾರಿ ಇದೆ. ಟೀಚರ್ ಬಳಸುವ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಹೆಸರನ್ನು ಒಂದು ಅಂಗನವಾಡಿಯಿಂದ ಇನ್ನೊಂದಕ್ಕೆ ವರ್ಗಾಯಿಸಬಹುದು. ಬೇರೆ ರಾಜ್ಯದಿಂದ ಬಂದಿದ್ದರೂ ಆದೀತು. ಮಗುವಿಗೆ ಆಧಾರ್ ಆಗಿರಲೇಬೇಕೆಂದಿಲ್ಲ, ತಾಯಿಯ ಆಧಾರ್ ಸಾಕು. ತಾಯಿ ಕಾರ್ಡ್ ಇದ್ದರೆ ಯಾವ ಚುಚ್ಚುಮದ್ದು ಆಗಿದೆ ಎಂಬುದೂ ಗೊತ್ತಾಗುತ್ತದೆ. ನಮ್ಮ ಮಳೆ ಗೊತ್ತಲ್ಲ! ಆ ಕಾರ್ಡನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿಡಲು ಹೇಳಿ.

ನೆರೆಮನೆಯವರಾದ ನಾವು ಮಾಡಬೇಕಾದದ್ದು ಇಷ್ಟೇ. ಮೊದಲ ಸಲ ಆ ತಾಯಿಯ ಜೊತೆ ಅಂಗನವಾಡಿಗೆ ಹೋಗಿ. 'ಟೀಚರೇ, ಇವರು ನಮ್ಮ ಓಣಿಯಲ್ಲೇ ಇದ್ದಾರೆ' ಎನ್ನಿ. ಆದರೆ ಅಂಗನವಾಡಿ ತೆರೆಯುವಷ್ಟರಲ್ಲಿ ಕೂಲಿಯವರ ಗಾಡಿ ಹೊರಟಿರುತ್ತದೆ. ಒಂದು ದಿನದ ಕೂಲಿ ಬಿಟ್ಟು ಬಾ ಎಂದು ಹೇಳುವ ಧೈರ್ಯ ನನಗಂತೂ ಇಲ್ಲ. ಆದ್ದರಿಂದ ಟೀಚರನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿಕೊಂಡು, ಅವರನ್ನೇ ಒಂದು ಸಂಜೆ ಬಿಡಾರಕ್ಕೆ ಕರೆದುಕೊಂಡು ಹೋಗುವುದು ವಾಸಿ. ಹೇಗೂ ಮನೆ ಭೇಟಿ ಅವರ ಕೆಲಸವೇ. ಅಲ್ಲೂ ಆಗಲಿಲ್ಲವೆಂದರೆ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿ.ಡಿ.ಪಿ.ಒ. ಕಚೇರಿಗೆ ಒಂದು ಅರ್ಜಿ ಬರೆದುಕೊಡಿ.

ಮೂರು ವರ್ಷದೊಳಗಿನ ಕೂಸುಗಳದ್ದೇ ದೊಡ್ಡ ಕಷ್ಟ. ಅವಕ್ಕೆ ಅಂಗನವಾಡಿಯಿಂದ ಆಹಾರ ಸಿಗುತ್ತದೆ, ದಿನವಿಡೀ ನೋಡಿಕೊಳ್ಳುವ ವ್ಯವಸ್ಥೆ ಹೆಚ್ಚಿನ ಕಡೆ ಇಲ್ಲ. 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಟ್ಟಡದ ಜಾಗದಲ್ಲಿ ಮಕ್ಕಳಿಗೊಂದು ಕೋಣೆ ಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಆದರೆ ಐದಾರು ಹೆಂಗಸರು ದುಡಿಯುವ ಕೆಲಸದಲ್ಲಿ ಅದರಿಂದ ಏನು ಪ್ರಯೋಜನ? ಹಳ್ಳಿ ಭಾಗದಲ್ಲಿ ಕೂಸುಗಳನ್ನು ಹಗಲು ನೋಡಿಕೊಳ್ಳುವ ಗ್ರಾಮ ಪಂಚಾಯತಿಯ 'ಕೂಸಿನ ಮನೆ' ಇದೆಯಾ ವಿಚಾರಿಸಿ. ನರೇಗಾ ಕೂಲಿಕಾರರ ಮಕ್ಕಳನ್ನು ಮುಂದಿಟ್ಟುಕೊಂಡು 2023-24ರ ಬಜೆಟ್‌ನಲ್ಲಿ 4000 ಪಂಚಾಯತಿಗಳಿಗೆ ಇದನ್ನು ಘೋಷಿಸಲಾಗಿತ್ತು. ಬಿಡಾರದ ಕೂಸನ್ನೂ ಸೇರಿಸಿಕೊಳ್ಳಿ ಎಂದು ಪಂಚಾಯತಿಯ ಅಧಿಕಾರಿ ಪಿ.ಡಿ.ಒ. ಅವರನ್ನು ಕೇಳುವುದರಲ್ಲಿ ತಪ್ಪೇನಿಲ್ಲ.

ಇನ್ನು ಸಂಜೆಯ ಮಾತು. ಅಂಗನವಾಡಿ 4 ಗಂಟೆಗೆ ಮುಚ್ಚುತ್ತದೆ, ತಾಯಿ ಬರುವುದು ಆರರ ಮೇಲೆ. ಆ ಎರಡು ತಾಸು ಮಗು ಎಲ್ಲಿರಬೇಕು? ಅಂಗನವಾಡಿಗೊಂದು ಬಾಲವಿಕಾಸ ಸಮಿತಿ ಇರುತ್ತದೆ, ಊರಲ್ಲಿ ಮಹಿಳಾ ಸಂಘಗಳೂ ಇವೆ. ಮುಂದಿನ ಸಭೆಯಲ್ಲಿ ಈ ಎರಡು ತಾಸಿನ ವಿಷಯ ಎತ್ತಿ. ಒಂಟಿಯಾಗಿ ಅಪಾಯದಲ್ಲಿರುವ ಮಗು ಕಣ್ಣಿಗೆ ಬಿದ್ದರೆ ಮಾತ್ರ ಸಭೆಗೆ ಕಾಯಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಅದು ಉಚಿತ.

ನಮಸ್ಕಾರ.