ದುಬೈಗೆ ಹೋಗಬಹುದು, ಬಿಜೈಗೆ ಹೋಗಬಾರದಾ?

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಕಡೆ ಒಂದು ವಿಚಿತ್ರ ಇದೆ. ಸುರತ್ಕಲ್‌ನ ಹುಡುಗನೊಬ್ಬ ದುಬೈಗೆ ಹೊರಟರೆ ಮನೆಮಂದಿಯೆಲ್ಲ ಕಾರು ಮಾಡಿಕೊಂಡು ಬಜ್ಪೆ ವಿಮಾನ ನಿಲ್ದಾಣದವರೆಗೆ ಬರುತ್ತಾರೆ. ಅಮ್ಮ ಉಪ್ಪಿನಕಾಯಿ ಬಾಟಲಿಗೆ ಮೂರು ಸುತ್ತು ಪ್ಲಾಸ್ಟಿಕ್ ಸುತ್ತಿ ಕೊಡುತ್ತಾರೆ. ಅದೇ ಹುಡುಗ, ‘ಆಫೀಸಿಗೆ ಹತ್ತಿರ ಆಗ್ತದೆ, ಮಂಗಳೂರು ಪೇಟೆಯ ಬಿಜೈಯಲ್ಲಿ ಒಂದು ರೂಮು ಮಾಡ್ತೇನೆ’ ಅಂದರೆ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅಮ್ಮ ಕೇಳುತ್ತಾರೆ, ‘ಇಲ್ಲಿ ನಿನಗೆ ಎಂತ ಕಡಿಮೆ ಆಗಿದೆ?’ ಅಪ್ಪ ಪೇಪರು ಮಡಚಿಟ್ಟು, ‘ಜನ ಕೇಳಿದರೆ ಏನು ಹೇಳುವುದು?’ ಅನ್ನುತ್ತಾರೆ.

ಇವತ್ತು ನಾನು ಮಾತಾಡುವುದು ದುಬೈಗೆ ಹೋಗುವವರ ಬಗ್ಗೆ ಅಲ್ಲ. ಅವರ ಪರವಾಗಿ ಆಫರ್ ಲೆಟರೇ ತೀರ್ಮಾನ ಮಾಡಿರುತ್ತದೆ. ಕಷ್ಟ ಇರುವುದು ಬಿಜೈಯವರಿಗೆ. ಕೆಲಸವೂ ಇಲ್ಲೇ, ಅಪ್ಪ ಅಮ್ಮನೂ ಇಲ್ಲೇ, ವಯಸ್ಸು ಇಪ್ಪತ್ತಾರೋ ಇಪ್ಪತ್ತೆಂಟೋ ಆಗಿದೆ. ಹೋಗು ಅಂತ ಯಾರೂ ಹೇಳಿಲ್ಲ. ಇರು ಅಂತ ಕಟ್ಟಿಹಾಕಿಯೂ ಇಲ್ಲ. ಹಾಗಾದರೆ ಯಾವಾಗ ಹೋಗುವುದು?

ಮನೆ ಬಿಟ್ಟು ಹೋಗುವುದರಲ್ಲಿ ನಾವೇನು ಹಿಂದೆ ಬಿದ್ದವರಲ್ಲ. ಮೀಸೆ ಮೂಡುವ ಮೊದಲೇ ಮುಂಬೈ ಸೇರಿ, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕನ್ನಡ ಅಕ್ಷರ ತಿದ್ದಿದವರ ಮೊಮ್ಮಕ್ಕಳು ನಾವು. ಆಮೇಲೆ ಬ್ಯಾಂಕುಗಳು ಬಂದವು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್. ಬ್ಯಾಂಕು ಅಂದ ಮೇಲೆ ವರ್ಗಾವಣೆ. ನಾನೂ ಬ್ಯಾಂಕಿನಲ್ಲೇ ಸವೆದವಳು. ಗಂಟುಮೂಟೆ ಕಟ್ಟಿ ಬಿಚ್ಚುವುದು ನನಗೆ ಊಟ ತಿಂಡಿಯಷ್ಟೇ ಅಭ್ಯಾಸ. ಹಾಗೆ ಹೋದವರು ಯಾರೂ ಮನೆ ಬಿಟ್ಟವರು ಅನ್ನಿಸಿಕೊಳ್ಳಲಿಲ್ಲ. ನಾಗರಪಂಚಮಿಗೆ ಬರುತ್ತಿದ್ದರು, ಕುಟುಂಬದ ದೈವದ ಕೋಲಕ್ಕೆ ರಜೆ ಹಾಕಿ ಬರುತ್ತಿದ್ದರು. ಈಗಲೂ ಬರುತ್ತಾರೆ.

ಮತ್ತೆ ಹತ್ತಿರದ ಬಿಜೈಗೆ ಹೋಗುವುದು ಯಾಕೆ ಚುಚ್ಚುತ್ತದೆ? ನನಗನ್ನಿಸುವುದು ಇಷ್ಟು. ನಮ್ಮ ಜಿಲ್ಲೆಗಳಲ್ಲಿ ಅನೇಕ ಸಮುದಾಯಗಳು ಅಳಿಯಸಂತಾನದವು. ಆಸ್ತಿ ತಾಯಿಯ ಕಡೆಯಿಂದ ಬರುತ್ತಿತ್ತು, ಇಡೀ ಕುಟುಂಬದ್ದಾಗಿರುತ್ತಿತ್ತು. ಎಲ್ಲರೂ ಒಪ್ಪದೆ ಪಾಲು ಕೇಳುವ ಹಾಗೇ ಇರಲಿಲ್ಲ. ನಾವು ಮದರಾಸು ಪ್ರಾಂತದಲ್ಲಿದ್ದಾಗ, 1949ರಲ್ಲಿ, ಅಳಿಯಸಂತಾನ ಕಾಯ್ದೆ ಬಂತು. ಆಮೇಲೆ ಕವರುಗಳು, ಅಂದರೆ ಕುಟುಂಬದೊಳಗಿನ ತಾಯಿ ಕಡೆಯ ಕವಲುಗಳು, ಪಾಲು ಕೇಳಬಹುದಾಯಿತು. ದೊಡ್ಡ ಮನೆಗಳು ಒಡೆದವು. ಒಂದೇ ಅಂಗಳದಲ್ಲಿ ಎರಡು ಒಲೆ ಉರಿಯಿತು, ಎರಡು ಒಲೆಯವರು ಕೋರ್ಟಿಗೂ ಹೋದರು. ನಮ್ಮ ಹಿರಿಯರು ಕಂಡದ್ದು, ಕೇಳಿದ್ದು ಇದನ್ನೇ. ದೂರ ಹೋದವನು ದುಡಿಯಲು ಹೋದ. ಹತ್ತಿರದಲ್ಲೇ ಬೇರೆ ಮನೆ ಮಾಡಿದವನು ಪಾಲು ತೆಗೆದುಕೊಂಡು ಹೋದ. ಹಾಗಾಗಿ ನೀವು ‘ಬೇರೆ ಮನೆ’ ಅಂದಾಗ ಅಪ್ಪನಿಗೆ ಕೇಳಿಸುವುದು ಪಾಲುಪಟ್ಟಿ. ನೀವು ಹೇಳಿದ್ದು ಒಂದು ರೂಮು, ಅಟ್ಯಾಚ್ಡ್ ಬಾತ್‌ರೂಮು, ಅಷ್ಟೇ.

ಈ ಭಯವನ್ನು ಮೊದಲು ಇಳಿಸಬೇಕು. ‘ನನಗೆ ಪಾಲು ಗೀಲು ಬೇಡ, ಮೇಲಿನ ಕೋಣೆಯ ಬೀಗದ ಕೈ ನನ್ನ ಹತ್ತಿರವೇ ಇರಲಿ, ಭಾನುವಾರ ಊಟಕ್ಕೆ ಬರ್ತೇನೆ’ ಅಂತ ಬಾಯಿ ಬಿಟ್ಟು ಹೇಳಿ. ನಮ್ಮ ಮನೆಗಳಲ್ಲಿ ಇಂಥದ್ದನ್ನು ಯಾರೂ ಹೇಳುವುದಿಲ್ಲ, ಅರ್ಥ ಆಗುತ್ತದೆ ಅಂದುಕೊಂಡು ಸುಮ್ನೆ ಇರುತ್ತೇವೆ. ಅರ್ಥ ಆಗುವುದಿಲ್ಲ.

ಇನ್ನು ದುಡ್ಡಿನ ಮಾತು. ಸಂಬಳ ಎಷ್ಟಾದರೆ ಹೋಗಬಹುದು ಅಂತ ಹುಡುಗರು ಕೇಳುತ್ತಾರೆ. ಸಂಬಳ ನೋಡಬೇಡಿ, ಉಳಿಯುವುದನ್ನು ನೋಡಿ. ಬಾಡಿಗೆ, ಕರೆಂಟು, ಗ್ಯಾಸ್, ಅಕ್ಕಿ, ಮೀನು, ಬಸ್ಸು ಎಲ್ಲ ಸೇರಿ ತಿಂಗಳಿಗೆ 15,000 ರೂಪಾಯಿ ಬೇಕು ಅಂತ ಇಟ್ಟುಕೊಳ್ಳಿ. ದಿನಕ್ಕೆ 500 ಆಯಿತು. ಮನೆಯಲ್ಲಿರುವಾಗಲೇ ಆರು ತಿಂಗಳು ಆ 500ನ್ನು ದಿನಾ ಪಿಗ್ಮಿಗೆ ಕಟ್ಟಿ. ಪಿಗ್ಮಿ ನಮ್ಮ ಊರಿನದೇ ಉಪಾಯ, ಅಲ್ವಾ? 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಿಂದ ಕಟ್ಟಿಸಿಕೊಂಡು ಶುರು ಮಾಡಿದ್ದು. ಇಪ್ಪತ್ತನೇ ತಾರೀಕಿಗೆ ಏಜೆಂಟನ ಫೋನ್ ಎತ್ತಲು ಹೆದರಿಕೆ ಆದರೆ ನಿಮ್ಮ ಸಮಯ ಇನ್ನೂ ಬಂದಿಲ್ಲ. ಸಲೀಸಾಗಿ ಕಟ್ಟಿದಿರಾ, ಅಡ್ವಾನ್ಸಿಗೆ ದುಡ್ಡೂ ಆಯಿತು, ರೂಢಿಯೂ ಆಯಿತು. ಮನೆಗೆ ಈಗ ಏನಾದರೂ ಕೊಡುತ್ತಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ನೀವು ಹೋದರೂ ಅಪ್ಪನ ಮನೆ ಸಾಲದ ಕಂತು ಎಲ್ಲಿಗೂ ಹೋಗುವುದಿಲ್ಲ.

ದುಡ್ಡಿಗಿಂತ ಜಾಸ್ತಿ ಜನ ಸೋಲುವುದು ಅಡುಗೆಮನೆಯಲ್ಲಿ. ಕುಚ್ಚಲಕ್ಕಿ ಬೇಯಿಸುವುದನ್ನೇ ತೆಗೆದುಕೊಳ್ಳಿ. ನಾಲ್ಕೈದು ಸಲ ತೊಳೆಯಬೇಕು. ಬೆಳ್ತಿಗೆ ಅಕ್ಕಿಯ ಹಾಗೆ ಮೂರು ವಿಶಲಿಗೆ ಇಳಿಸಿದರೆ ಹಲ್ಲಿಗೆ ಕಲ್ಲು ಸಿಕ್ಕಿದ ಹಾಗೆ. ಕುದಿಸಿ, ಮುಚ್ಚಿಟ್ಟು, ಮತ್ತೆ ಕುದಿಸಿ, ಅಗುಳು ಬಿರಿದ ಮೇಲೆ ತೆಳಿ ಬಸಿಯಬೇಕು. ಸಂಜೆ ಏಳೂವರೆಗೆ ಆಫೀಸಿನಿಂದ ಬಂದವನಿಗೆ ಇದು ಒಂಬತ್ತರ ಊಟ. ಅಮ್ಮ ಮೂವತ್ತು ವರ್ಷ ಇದನ್ನು ಬೆಳಿಗ್ಗೆ ಆರಕ್ಕೇ ಮುಗಿಸಿಟ್ಟಿದ್ದಾರೆ. ಎರಡು ತಿಂಗಳು ಅಪ್ಪ ಅಮ್ಮನ ಮನೆಯಲ್ಲೇ ನಿಮ್ಮ ಬಟ್ಟೆ ನೀವು ಒಗೆಯಿರಿ, ರಾತ್ರಿ ಅಡುಗೆ ನೀವು ಮಾಡಿ. ಅದಾದ ಮೇಲೂ ಹೋಗಬೇಕು ಅನ್ನಿಸಿದರೆ ನಿಜವಾಗಿ ಅನ್ನಿಸಿದೆ ಅಂತ ಲೆಕ್ಕ. ಕೆಲವರಿಗೆ ಅಷ್ಟರಲ್ಲೇ ಮನೆಯ ಕಿರಿಕಿರಿ ಅರ್ಧ ಇಳಿಯುತ್ತದೆ. ಅಮ್ಮನಿಗೂ ಇಳಿಯುತ್ತದೆ.

ಉಡುಪಿಯಿಂದ ಮಂಗಳೂರಿಗೆ ದಿನಾ ಹೋಗಿ ಬರುವವರ ವಿಷಯದಲ್ಲಿ ನನಗೆ ಹೆಚ್ಚು ಅನುಮಾನ ಇಲ್ಲ. ದಾರಿ ಅರವತ್ತು ಕಿಲೋಮೀಟರಿನ ಹತ್ತಿರ. ಹೋಗಿ ಬರಲು ಮೂರು ಗಂಟೆ ಬಸ್ಸಿನಲ್ಲೇ ಕಳೆಯುತ್ತದೆ. ಮಳೆಗಾಲದ ಹೆದ್ದಾರಿಯಲ್ಲಿ ಇನ್ನೂ ಜಾಸ್ತಿ. ಮನೆಗೆ ಬಂದು ಮೊಬೈಲ್ ಚಾರ್ಜಿಗೆ ಹಾಕಿ ಮಲಗುವ ಮಗನಿಂದ ಆ ಮನೆಗೆ ಏನು ಸಿಕ್ಕಿತು? ವಾರದಲ್ಲಿ ಐದು ದಿನ ಮಂಗಳೂರಿನಲ್ಲಿದ್ದು, ಎರಡು ದಿನ ಎಚ್ಚರವಾಗಿ ಮನೆಯಲ್ಲಿದ್ದರೆ ಒಳ್ಳೆಯದು.

ಹೆಣ್ಣುಮಕ್ಕಳಿಗೆ ಇದೆಲ್ಲ ಇಷ್ಟು ಸುಲಭ ಇಲ್ಲ. ಮನೆ ನೋಡಲು ಹೋದರೆ ಮೊದಲ ಪ್ರಶ್ನೆ, ‘ಮದುವೆ ಆಗಿದೆಯಾ?’ ಎರಡನೆಯದು, ‘ಯಾರೆಲ್ಲ ಬರ್ತಾರೆ?’ ಮೂರನೆಯದು, ‘ಮೀನು ಮಾಡ್ತೀರಾ?’ ಸಮುದ್ರ ಬದಿಯ ಊರಿನಲ್ಲಿ ಕೇಳುವ ಪ್ರಶ್ನೆಯಾ ಇದು! ಮನೆಯಲ್ಲಿ ಅಪ್ಪ ಅಮ್ಮ ‘ಮದುವೆ ಆದ ಮೇಲೆ ಹೇಗೂ ಹೋಗುವುದಲ್ವಾ’ ಅನ್ನುತ್ತಾರೆ. ನನ್ನ ಅಭಿಪ್ರಾಯ ಬೇರೆ. ಅಪ್ಪನ ಮನೆಯಿಂದ ನೇರ ಗಂಡನ ಮನೆಗೆ ಹೋಗುವ ಹುಡುಗಿ ತನ್ನ ಹೆಸರಿನಲ್ಲಿ ಒಂದು ಕರೆಂಟು ಬಿಲ್ಲೂ ಕಟ್ಟಿರುವುದಿಲ್ಲ. ನಡುವೆ ಒಂದೆರಡು ವರ್ಷ ಅವಳದೇ ಬೀಗದ ಕೈ ಅವಳ ಬ್ಯಾಗಿನಲ್ಲಿರಲಿ.

ಕಾನೂನಿನ ಮಾತು ಚುಟುಕಾಗಿ. 2016ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ಕರ್ನಾಟಕದ್ದೇ ಒಂದು ವಿಚ್ಛೇದನದ ಪ್ರಕರಣದಲ್ಲಿ, ತಕ್ಕ ಕಾರಣವಿಲ್ಲದೆ ಗಂಡನನ್ನು ಅವನ ತಂದೆ ತಾಯಿಯಿಂದ ಬೇರೆ ಮಾಡಲು ಹೆಂಡತಿ ಹಟ ಹಿಡಿಯುವುದು ಕ್ರೌರ್ಯ ಅಂದಿತು. ಮರು ತಿಂಗಳೇ ದೆಹಲಿ ಹೈಕೋರ್ಟು, ತಂದೆ ತಾಯಿ ಸ್ವಂತ ದುಡಿಮೆಯಿಂದ ಮಾಡಿದ ಮನೆಯಲ್ಲಿ ವಯಸ್ಸಿಗೆ ಬಂದ ಮಗನಿಗೆ ವಾಸ ಮಾಡುವ ಹಕ್ಕಿಲ್ಲ, ಅವರು ಇರು ಅಂದರೆ ಇರಬಹುದು ಅಷ್ಟೇ ಅಂದಿತು. ಎರಡನ್ನೂ ಜೊತೆಗಿಟ್ಟು ಓದಿದರೆ ನಮ್ಮ ಸಮಾಜದ ಗೊಂದಲ ಪೂರ್ತಿ ಕಾಣುತ್ತದೆ. ಮತ್ತೆ, ಬೇರೆ ಮನೆ ಮಾಡಿದರೂ ತಂದೆ ತಾಯಿಯನ್ನು ನೋಡಿಕೊಳ್ಳುವ ಹೊಣೆ ತಪ್ಪುವುದಿಲ್ಲ. ಹಿರಿಯ ನಾಗರಿಕರ 2007ರ ಕಾಯ್ದೆ ಅದಕ್ಕೇ ಇದೆ. ಮಗಳಿಗೂ ಅದು ಅನ್ವಯಿಸುತ್ತದೆ.

ಯಾವಾಗ ಹೋಗಬಾರದು ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಜಗಳವಾದ ವಾರ ಹೋಗಬಾರದು. ಅಪ್ಪ ರಿಟೈರ್ ಆದ ಮೊದಲ ವರ್ಷ ಹೋಗಬಾರದು, ಆಗಲೇ ಅವರಿಗೆ ಮನೆ ಖಾಲಿ ಖಾಲಿ ಅನ್ನಿಸಿರುತ್ತದೆ. ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆಗಿ ಚೇತರಿಸುವವರೆಗೂ ಬೇಡ. ಅಮ್ಮನನ್ನು ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಕರೆದೊಯ್ಯುವವರು ನೀವೇ ಆದರೆ ಮನೆಯಲ್ಲೇ ಇರಿ. ‘ಇನ್ನೂ ಅಪ್ಪನ ಮನೆಯಲ್ಲೇ ಇದ್ದಾನೆ’ ಅನ್ನುವವರ ಮಾತಿಗೆ ಕಿವಿ ಕೊಡಬೇಡಿ. ಹೋಗುವುದಿದ್ದರೆ ಅಪ್ಪ ಅಮ್ಮ ಗಟ್ಟಿಮುಟ್ಟಾಗಿರುವಾಗ ಹೋಗಿ. ಅವರೂ ನಿಮ್ಮ ಮನೆಗೆ ಬಸ್ಸು ಹತ್ತಿ ಬರಬಹುದು. ಮುಂದೆ ನಿಮ್ಮ ಅಗತ್ಯ ಬಿದ್ದಾಗ ಮನಸ್ಸಿನಲ್ಲಿ ಕಹಿ ಇಲ್ಲದೆ ತಿರುಗಿ ಬರಬಹುದು.

ಮನೆ ನೋಡುವವರಿಗೆ ಎರಡು ಮಾತು. ಕರಾರು ಹನ್ನೊಂದು ತಿಂಗಳಿಗೆ ಬರೆಯುವುದು ಶಾಸ್ತ್ರಕ್ಕಲ್ಲ. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು, ಅದನ್ನು ತಪ್ಪಿಸಲು. ಗೃಹಜ್ಯೋತಿ ಬಾಡಿಗೆಯವರಿಗೂ ಸಿಗುತ್ತದೆ, ಹಿಂದೆ ಇದ್ದವರ ಆಧಾರ್ ಆ ಮೀಟರಿನಿಂದ ಬಿಡಿಸಿದ್ದಾರಾ ಅಂತ ಕೇಳಿ. ಎಪ್ರಿಲ್, ಮೇಯಲ್ಲಿ ನೀರು ಹೇಗೆ ಅಂತ ಕೇಳಿ. 2019ರಲ್ಲಿ ತುಂಬೆ ಅಣೆಕಟ್ಟೆಯಲ್ಲಿ ನೀರು ಇಳಿದು ಮಂಗಳೂರಿಗೆ ಸರದಿ ಮೇಲೆ ನೀರು ಬಿಟ್ಟದ್ದು ಮರೆತಿಲ್ಲ ತಾನೆ? ಬಾವಿ ಇರುವ ಕಾಂಪೌಂಡು ಸಿಕ್ಕಿದರೆ ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಬಿಡಬೇಡಿ.

ಇನ್ನೊಂದು. ತುಳುವಿನ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಹೊತ್ತಿಗೆ, ಮನೆ ಬದಲಿಸಬಾರದು ಅಂತ ಹಿರಿಯರು ಹೇಳುತ್ತಾರೆ. ಬದಲಿಸಬೇಡಿ, ಆದರೆ ಮನೆ ನೋಡುವುದು ಆಟಿಯಲ್ಲೇ ನೋಡಿ. ಮಾರ್ಚಿನಲ್ಲಿ ಎಲ್ಲ ಗೋಡೆಯೂ ಬೆಳ್ಳಗೇ ಇರುತ್ತದೆ. ಆಟಿಯ ಮಳೆಯಲ್ಲಿ ಯಾವ ಮೂಲೆ ತೇವ ಹೀರುತ್ತದೆ, ಯಾವ ಕಪಾಟು ಬೂಸ್ಟು ಹಿಡಿಯುತ್ತದೆ ಎಲ್ಲ ಕಾಣುತ್ತದೆ. ಆಟಿ ಕಳೆದು ಬರುವ ಸೋಣ ತಿಂಗಳಲ್ಲಿ ಒಂದು ದಿನ ಅಮ್ಮನೇ ನೋಡಿ ಹೇಳಲಿ. ಹಾಲು ಉಕ್ಕಿಸಲು ಅವರನ್ನೇ ಕರೆಯಿರಿ. ಅವರು ಹಾಲು ಉಕ್ಕುವ ಮೊದಲೇ ಸಿಂಕಿನ ಕೆಳಗೆ ಬಗ್ಗಿ ‘ಇಲ್ಲಿ ಲೀಕ್ ಉಂಟು, ನೀನು ನೋಡಲೇ ಇಲ್ವಾ’ ಅಂತ ಗದರಿದರೆ ಎದುರು ಮಾತಾಡಬೇಡಿ, ಓನರಿಗೆ ಫೋನ್ ಮಾಡಿ.

ನಮಸ್ಕಾರ.