ಗಡ್ಡೆಗೆ ಕೈ ಹಾಕೋ ಮುಂಚೆ ಸ್ಕ್ಯಾನ್ ಆಗ್ಲಿ

ಎಲ್ರಿಗೂ ನಮಸ್ಕಾರ. ಇವತ್ತು ಮಾತಾಡೋದು ಸಾರ್ಕೋಮಾ ಬಗ್ಗೆ, ಅಂದ್ರೆ ಮೂಳೆ, ಸ್ನಾಯು, ಕೊಬ್ಬು, ನರದ ಹೊದಿಕೆ ಇಂಥ ಕಡೆ ಹುಟ್ಟೋ ಕ್ಯಾನ್ಸರ್. ದೊಡ್ಡವರಿಗೆ ಬರೋ ಕ್ಯಾನ್ಸರ್‌ಗಳಲ್ಲಿ ಇದು ಸುಮಾರು 1% ಅಷ್ಟೇ, ಆದ್ರೆ ಅದ್ರೊಳಗೇ 70ಕ್ಕೂ ಹೆಚ್ಚು ಬಗೆ ಇವೆ, ಹಾಗಾಗಿ ಎಷ್ಟೋ ಡಾಕ್ಟ್ರು ಇಡೀ ಸರ್ವೀಸಲ್ಲಿ ಒಂದೋ ಎರಡೋ ನೋಡಿರ್ತಾರೆ.

ತೊಂದ್ರೆ ಶುರುವಾಗೋದೇ ಅಲ್ಲಿ. ತೊಡೇಲಿ ಒಂದು ಗಂಟು, ನೋವಿಲ್ಲ, ಕೊಬ್ಬಿನ ಗಡ್ಡೆ ಬಿಡಿ ಅಂತಾರೆ, ಆಮೇಲೆ ಅಲ್ಲೇ ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟು ತೆಗೆದೂ ಬಿಡ್ತಾರೆ. ರಿಪೋರ್ಟ್ ಬಂದಾಗ ಸಾರ್ಕೋಮಾ! ಗಡ್ಡೆ ಸುತ್ತ ಪೊರೆ ಥರ ಕಾಣುತ್ತಲ್ಲ, ಅದು ನಿಜವಾದ ಪೊರೆ ಅಲ್ಲ, ಗಡ್ಡೆಯ ಒತ್ತಡಕ್ಕೆ ಸಿಕ್ಕಿ ಚಪ್ಪಟೆಯಾದ ಜಾಗ, ಅದ್ರಲ್ಲೂ ಕ್ಯಾನ್ಸರ್ ಕೋಶ ಇರ್ತವೆ, ಅದರ ಗುಂಟ ಬಿಡಿಸಿದ್ರೆ ಕೋಶಗಳು ಅಲ್ಲೇ ಉಳೀತವೆ. ಮತ್ತೆ ಇನ್ನೂ ದೊಡ್ಡ ಆಪರೇಷನ್. ದಯವಿಟ್ಟು ನೆನಪಿಡಿ, ಗಂಟು 5 ಸೆಂ.ಮೀ.ಗಿಂತ ದೊಡ್ಡದಿದ್ರೆ, ಬೆಳೀತಾ ಇದ್ರೆ, ಇಲ್ಲಾ ಆಳದಲ್ಲಿದ್ರೆ, ನೋವಿರಲಿ ಬಿಡಲಿ, ಮೊದ್ಲು ಎಂಆರ್‌ಐ.

ಬಯಾಪ್ಸಿ, ಅಂದ್ರೆ ಗಡ್ಡೆಯ ಚೂರು ತೆಗೆದು ಪರೀಕ್ಷೆ ಮಾಡೋದು, ಅದಾದ್ಮೇಲೆ. ಸಾಮಾನ್ಯವಾಗಿ ದಪ್ಪ ಸೂಜಿ ಸಾಕು, ಆದ್ರೆ ಸೂಜಿ ಎಲ್ಲಿ ಚುಚ್ಚಬೇಕು ಅಂತ ಹೇಳ್ಬೇಕಾದೋರು ಮುಂದೆ ಆಪರೇಷನ್ ಮಾಡೋ ಸರ್ಜನ್ನೇ, ಯಾಕಂದ್ರೆ ಸೂಜಿ ಹೋದ ದಾರೀನೂ ಎಷ್ಟೋ ಸಲ ಗಡ್ಡೆ ಜೊತೆ ತೆಗೀಬೇಕಾಗುತ್ತೆ. 1982ರಲ್ಲಿ ಅಮೆರಿಕದ ಮೂಳೆ ಸರ್ಜನ್ ಹೆನ್ರಿ ಮ್ಯಾಂಕಿನ್ ಮತ್ತವರ ಜೊತೆಗಾರರು 329 ಜನರ ಬಯಾಪ್ಸಿ ಪರಿಶೀಲಿಸಿದ್ರು, ಕೆಲವರಿಗೆ ಬಯಾಪ್ಸಿ ಕೆಟ್ಟಿದ್ದಕ್ಕೇ ಕೈಯೋ ಕಾಲೋ ತೆಗೀಬೇಕಾಗಿ ಬಂದಿತ್ತು. 1996ರಲ್ಲಿ 597 ಜನರನ್ನ ನೋಡಿದಾಗ್ಲೂ ಪರಿಸ್ಥಿತಿ ಅಂಥಾದ್ದೇನೂ ಬದಲಾಗಿರ್ಲಿಲ್ಲ. ನನಗೆ ಇವತ್ತಿಗೂ ಸಂಕಟ ಆಗೋದು ಇದಕ್ಕೇ, ಇದು ತಡೆಯಬಹುದಾದ ನಷ್ಟ.

ಮೂಳೆದು ಬೇರೆ ಥರ. ಹದಿಹರೆಯದ ಮಕ್ಕಳಿಗೆ ಮಂಡಿ ಹತ್ರ ನೋವು, ಆಟದಲ್ಲಿ ಪೆಟ್ಟಾಗಿರ್ಬೇಕು ಅಂತ ಮುಲಾಮು ಹಚ್ಚಿ ವಾರಗಟ್ಟಲೆ ಕಾಯ್ತಾರೆ. ರಾತ್ರಿ ನಿದ್ದೆ ಕೆಡಿಸೋ ನೋವಿದ್ರೆ ಒಂದು ಎಕ್ಸ್‌ರೇ ತೆಗೆಸಿ, ಅಷ್ಟೇ. ಆಸ್ಟಿಯೋಸಾರ್ಕೋಮಾ ಅನ್ನೋ ಮೂಳೆ ಕ್ಯಾನ್ಸರ್‌ಗೆ ಮೊದಲೆಲ್ಲ ಕಾಲು ತೆಗೆದ್ರೂ ಹೆಚ್ಚಿನವರು ಉಳೀತಿರ್ಲಿಲ್ಲ, ರೋಗ ಆಗ್ಲೇ ಶ್ವಾಸಕೋಶಕ್ಕೆ ಹೋಗಿರ್ತಿತ್ತು. 1970ರ ದಶಕದಲ್ಲಿ ಕೀಮೋ ಬಂದ್ಮೇಲೆ, ಬೇರೆಡೆ ಹರಡಿರದಿದ್ರೆ ನೂರಕ್ಕೆ 60-70 ಜನ ಐದು ವರ್ಷ ದಾಟ್ತಾರೆ, ಬಹಳಷ್ಟು ಜನರಿಗೆ ಕಾಲೂ ಉಳಿಯುತ್ತೆ.

ನರದ ಗಡ್ಡೆ ಮೇಲೆ ಬೆರಳಲ್ಲಿ ತಟ್ಟಿದ್ರೆ ಕರೆಂಟ್ ಹೊಡೆದ ಹಾಗೆ ಜುಮ್ ಅನ್ನುತ್ತೆ. ಹೆಚ್ಚಿನವು ಕ್ಯಾನ್ಸರ್ ಅಲ್ಲ, ನರದ ಹೊದಿಕೇಲಿ ಹುಟ್ಟೋ ನಿರಪಾಯ ಗಡ್ಡೆ ಶ್ವಾನೋಮಾ ಆದ್ರೆ ನರ ಉಳಿಸಿಕೊಂಡೇ ಗಡ್ಡೆ ಬಿಡಿಸಬಹುದು. ಆದ್ರೆ ನ್ಯೂರೋಫೈಬ್ರೊಮಟೋಸಿಸ್ ಟೈಪ್ 1, ಅಂದ್ರೆ ನರಗಳಲ್ಲಿ ಗಡ್ಡೆ ಬೆಳೆಸೋ ಜೀನ್ ದೋಷದ ಕಾಯಿಲೆ, ಇರೋರಿಗೆ ವರ್ಷಗಟ್ಟಲೆ ಸುಮ್ಮನಿದ್ದ ಗಡ್ಡೆ ದಿಢೀರ್ ಬೆಳೆದ್ರೆ, ನೋವು ಬಂದ್ರೆ, ಕೈಕಾಲು ಸೋತ್ರೆ ಕಾಯಬೇಡಿ. ಎಂಆರ್‌ಐ ಜೊತೆ ಪೆಟ್ ಸ್ಕ್ಯಾನ್ (ಚುರುಕಾಗಿರೋ ಕೋಶಗಳನ್ನ ಹೊಳೆಯೋ ಹಾಗೆ ತೋರಿಸೋ ಸ್ಕ್ಯಾನ್) ಮಾಡಿ, ಎಲ್ಲಿ ಜಾಸ್ತಿ ಹೊಳೆಯುತ್ತೋ ಅಲ್ಲಿಂದಲೇ ಸ್ಯಾಂಪಲ್ ತಗೋಬೇಕು, ಯಾಕಂದ್ರೆ ಅದೇ ಗಡ್ಡೆಯ ಇನ್ನೊಂದು ತುದಿ ಪೂರ್ತಿ ನಿರಪಾಯ ಅಂತ ರಿಪೋರ್ಟ್ ಬರಬಹುದು.