ಕೊಳೆಯ ಅಜ್ಜನಿಗೆ ಬಣ್ಣ ಹಚ್ಚುತ್ತಾ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆ ಮಳೆ ಹಿಡಿದು ಕೂತಿದೆ. ಹಾಗಾಗಿ ಇವತ್ತು ತಿರುಗಾಟ ಇಲ್ಲ, ಮೇಜಿನ ಮುಂದೆಯೇ ವ್ಲಾಗ್. ಈಗ ನೀವು ನೋಡುತ್ತಿರುವ ಬೊಜ್ಜು ಹೊಟ್ಟೆಯ ಮಹಾಶಯ ವಾರ್‌ಹ್ಯಾಮರ್ ಅನ್ನುವ, ಪುಟ್ಟ ಗೊಂಬೆ ಸೈನ್ಯಗಳನ್ನು ಮೇಜಿನ ಮೇಲೆ ಕಾದಾಡಿಸುವ ಆಟದ ರಾಕ್ಷಸ, ಗ್ರೇಟ್ ಅನ್‌ಕ್ಲೀನ್ ಒನ್. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಗೇಮ್ಸ್ ವರ್ಕ್‌ಶಾಪ್ ಕಂಪನಿ 2018ರಲ್ಲಿ ತಂದ, ಬಿಡಿ ಭಾಗ ಜೋಡಿಸಿ ಬಣ್ಣ ಹಚ್ಚುವ ಪ್ಲಾಸ್ಟಿಕ್ ಕಿಟ್. ಇವನ ಯಜಮಾನ ನರ್ಗಲ್. ರೋಗಕ್ಕೂ ಕೊಳೆಯುವುದಕ್ಕೂ ಅವನೇ ದೇವರು.

ಮೊದಲು ಮುಖ ನೋಡಿ. ನಗ್ತಾ ಇದ್ದಾನೆ! ಬೇರೆ ರಾಕ್ಷಸರೆಲ್ಲ ಹಲ್ಲು ಕಡಿಯುತ್ತಾ ನಿಂತರೆ, ಇವನು ಮದುವೆ ಪಂಕ್ತಿಯಲ್ಲಿ 'ಇನ್ನೊಂದು ಹೋಳಿಗೆ ಹಾಕಿಸ್ಕೊಳ್ಳಿ' ಅಂತ ಬೆನ್ನು ಹತ್ತುವ ದೊಡ್ಡಪ್ಪನ ಹಾಗೆ. ಆಟದ ಕಥೆಯಲ್ಲೂ ಅಷ್ಟೇ. ನರ್ಗಲ್‌ನನ್ನು ಅಜ್ಜ ಅಂತಲೇ ಕರೆಯುತ್ತಾರೆ. ರೋಗ ಅವನು ಪ್ರೀತಿಯಿಂದ ಕೊಡುವ ಉಡುಗೊರೆ. ಬೇಡ ಅಂದರೂ ಬಿಡುವವನಲ್ಲ.

ಈಗ ಹೊಟ್ಟೆಗೆ ಬರೋಣ. ಚರ್ಮ ಬಿರಿದು ಕರುಳು ಹೊರಗೆ ಜೋತಿದೆ. ಸುತ್ತಮುತ್ತ ನರ್ಗ್ಲಿಂಗ್ ಅನ್ನುವ ಪುಟ್ಟ ಮರಿಗಳು, ಅವೂ ಕಿಸಿಕಿಸಿ ನಗುತ್ತಿವೆ. ನನಗೆ ಇದು ಸಾಯುವವನ ಹೊಟ್ಟೆ ಅನ್ನಿಸುವುದೇ ಇಲ್ಲ, ಬಸುರಿನ ಹೊಟ್ಟೆ ಅನ್ನಿಸುತ್ತದೆ. ಯುರೋಪಿನಲ್ಲಿ 1347ರಿಂದ 1351ರವರೆಗೆ ಪ್ಲೇಗ್ ಊರೂರು ಖಾಲಿ ಮಾಡಿತಲ್ಲ, ಆಮೇಲಿನ ಕಾಲದ ಚಿತ್ರಗಳಲ್ಲಿ ಸಾವು ಅಂದರೆ ಕುಣಿಯುವ ಅಸ್ಥಿಪಂಜರ. ಅದು ಒಣ ಮೂಳೆ, ಅದರ ಮೇಲೆ ಏನೂ ಹುಟ್ಟುವುದಿಲ್ಲ. ಈ ರಾಕ್ಷಸ ಪೂರ್ತಿ ಒದ್ದೆ. ಹುಣ್ಣು, ಕೀವು, ಹುಳ, ನೊಣ, ಎಲ್ಲ ಕಡೆ ಏನೋ ಒಂದು ಹುಟ್ಟುತ್ತಲೇ ಇದೆ. ಪ್ಲೇಗ್ ಕೂಡ ಹಾಗೇ ಅಲ್ವಾ? ಇಲಿಯ ಚಿಗಟದ ಹೊಟ್ಟೆಯಲ್ಲಿ ರೋಗಾಣು ಎಷ್ಟು ಬೆಳೆಯುತ್ತದೆ ಅಂದರೆ ಅದರ ಗಂಟಲೇ ಕಟ್ಟಿಹೋಗುತ್ತದೆ. ಕುಡಿದ ರಕ್ತ ಒಳಗಿಳಿಯದೆ, ಹಸಿವು ತಡೆಯಲಾರದೆ ಅದು ಮತ್ತೆ ಮತ್ತೆ ಕಚ್ಚುತ್ತದೆ. ಜೀವ ಜಾಸ್ತಿಯಾಗಿಯೇ ಸಾವು ಬರುವುದು.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಬಂದರೆ ಅಡಿಕೆ. ಅದೇ ಮಳೆ ಬಿಡುವು ಕೊಡದೆ ಹೊಯ್ದರೆ ಕೊಳೆ, ಅಡಿಕೆ ಕಾಯಿ ಕೊಳೆತು ಉದುರುವ ರೋಗ. ನಿನ್ನೆ ತೋಟದಿಂದ ಉದುರಿದ ಒಂದು ಕಾಯಿ ತಂದಿಟ್ಟುಕೊಂಡಿದ್ದೇನೆ, ಹತ್ತಿರದಿಂದ ನೋಡಿ. ತೊಟ್ಟಿನ ಹತ್ತಿರ ನೀರು ಕುಡಿದ ಹಾಗೆ ಕಡು ಹಸಿರು. ಅದರ ಮೇಲೆ ಹತ್ತಿಯಂಥ ಬಿಳಿ ಬೂಸಲು. ರಾಕ್ಷಸನ ಭುಜದ ಹುಣ್ಣುಗಳಿಗೆ ನಾನು ಹಚ್ಚಿದ್ದು ಇದೇ ಎರಡು ಬಣ್ಣ.

ಇದೇ ಕಿಟ್‌ನಲ್ಲಿ ರೋಟಿಗಸ್ ಅನ್ನುವ ಇನ್ನೊಬ್ಬನನ್ನೂ ಕಟ್ಟಬಹುದು. ಅವನು ಮಳೆಯ ಒಡೆಯ. ಬರಗಾಲದಲ್ಲಿ ನೀರಿಗಾಗಿ ಮೊರೆಯಿಟ್ಟವರಿಗೆ ಕೇಳಿದ್ದಕ್ಕಿಂತ ಎಷ್ಟೋ ಹೆಚ್ಚು ಸುರಿಸಿಬಿಡುತ್ತಾನೆ. ಮಾಡಿದವರು ಆಗುಂಬೆಗೆ ಬಂದು ಹೋಗಿದ್ದರೇನೋ! ನಾನು ಕಟ್ಟಿದ್ದು ಅವನನ್ನಲ್ಲ, ಗಂಟೆ ಹಿಡಿದವನನ್ನು.

ಗಂಟೆಯ ವಿಷಯ ಇನ್ನೂ ಮಜಾ ಇದೆ. ಹಿಂದೆ ಯುರೋಪಿನಲ್ಲಿ ಕುಷ್ಠ ಬಂದವರು ಗಂಟೆಯನ್ನೋ ಗಿಲಕಿಯನ್ನೋ ಬಾರಿಸುತ್ತಾ ನಡೆಯಬೇಕಿತ್ತು, ಜನ ದೂರ ಸರಿಯಲಿ ಅಂತ. ಈ ರಾಕ್ಷಸ ಗಂಟೆ ಬಾರಿಸುವುದು ತನ್ನ ಪಡೆಯನ್ನು ಹುರಿದುಂಬಿಸಲಿಕ್ಕೆ. ಗಂಟೆಗೆ ಮೊದಲು ಕಂದು, ಮೇಲೆ ಹಿತ್ತಾಳೆ ಬಣ್ಣ, ಸಂದಿಗಳಿಗೆ ಕಿಲುಬಿನ ತಿಳಿ ನೀಲಿ. ಮಾದರಿಗೆ ನಮ್ಮ ಕೊಳೆ ಔಷಧಿಯ ಡ್ರಮ್ಮೇ ಸಾಕಾಯಿತು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಕಲಸಿ ಕಲಸಿ ಡ್ರಮ್ಮಿನ ಅಂಚಿನಲ್ಲಿ ಆ ನೀಲಿ ಕಟ್ಟಿಕೊಂಡಿರುತ್ತದೆ.

ಇಲ್ಲಿ ಹಿಂದೆ ಸಾಲಾಗಿ ನಿಂತವರು ಪ್ಲೇಗ್‌ಬೇರರ್‌ಗಳು. ಒಂದೇ ಕಣ್ಣು, ಒಂದೇ ಕೊಂಬು, ಕಡ್ಡಿ ಕೈಕಾಲು, ಉಬ್ಬಿದ ಹೊಟ್ಟೆ. ಇವರ ಕೆಲಸ ಲೆಕ್ಕ ಬರೆಯುವುದು, ಯಾವ ರೋಗ, ಎಷ್ಟು ಜನ ಅಂತ. ಎಣಿಸುವಷ್ಟರಲ್ಲಿ ಹೊಸ ರೋಗ ಹುಟ್ಟಿರುತ್ತದೆ, ಲೆಕ್ಕ ಮುಗಿಯುವುದೇ ಇಲ್ಲ. ಅಜ್ಜನಿಗೆ ನಗು, ಗುಮಾಸ್ತರಿಗೆ ಗೋಳು! ಇಡೀ ಸೈನ್ಯದಲ್ಲಿ ನನಗೆ ಇಷ್ಟವಾದದ್ದು ಈ ಜೋಡಣೆ.

ನಮ್ಮಲ್ಲೂ ರೋಗಕ್ಕೆ ಮುಖ ಇದೆ. ಆದರೆ ಮಾರಿ ಜಾತ್ರೆಯಲ್ಲಿ ಅಮ್ಮನನ್ನು ಕರೆದು, ಮಡಿಲು ತುಂಬಿ, ಕೊನೆಗೆ ಊರ ಗಡಿ ದಾಟಿಸುತ್ತೇವೆ. ಬಂದವಳು ಹೊರಡಲೇಬೇಕು. ನರ್ಗಲ್ ಅಜ್ಜ ಬಂದರೆ ಹೊರಡುವ ಮಾತೇ ಇಲ್ಲ. ನನಗೆ ಭಯ ಹುಟ್ಟಿಸುವುದು ಅವನ ಕರುಳಲ್ಲ, ಆ ಬೀಡುಬಿಡುವ ಗುಣ.

ಒಂದೇ ಒಂದು ತಕರಾರು. ನರ್ಗಲ್‌ನ ಗುರುತು ನೊಣ. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಗೊತ್ತಾದಾಗಿನಿಂದ ನಮ್ಮ ಕಡೆ ನೊಣಕ್ಕೆ ಯಾರೂ ಅಷ್ಟು ಹೆದರುವುದಿಲ್ಲ. ಹೆದರುವುದು ಆ ಕಾಯಿಲೆ ಹರಡುವ ಉಣುಗಿಗೆ. ಬೇಸಿಗೆಯಲ್ಲಿ ಮಂಗ ಸತ್ತಿದೆ ಅಂದರೆ ಸಾಕು, ಸೊಪ್ಪಿಗೆ ಹೋಗುವವರು ಕಾಡಿನ ಕಡೆ ತಲೆ ಹಾಕುವುದಿಲ್ಲ. ಅದಕ್ಕೇ ಗ್ರೀನ್ ಸ್ಟಫ್ ಅನ್ನುವ, ಕಲಸಿಟ್ಟರೆ ಗಟ್ಟಿಯಾಗುವ ಹಿಟ್ಟಿನಂಥ ಪುಟ್ಟಿಯಲ್ಲಿ ದಪ್ಪಗೆ ರಕ್ತ ಕುಡಿದ ಉಣುಗೊಂದನ್ನು ಉರುಟಿ, ಗಂಟೆಯ ಹಿಡಿಗೆ ಕಚ್ಚಿಸಿದ್ದೇನೆ. ನಿಜವಾದ ಅಳತೆಗೆ ಮಾಡಿದ್ದರೆ ಕಾಣಿಸುತ್ತಲೇ ಇರಲಿಲ್ಲ. ಬಣ್ಣ ಇನ್ನೂ ಹಚ್ಚಿಲ್ಲ. ಬೂದಿ ಬಣ್ಣವೋ, ಕೆಂಪು ಕಂದೋ, ಕಾಮೆಂಟ್‌ನಲ್ಲಿ ಹೇಳಿ.